ಗೇಣುದ್ದದ ಲೋಲಕ

"ಫ್ಯಾನ್ ಆರಿಸಮ್ಮ," ಎಂದರು ಟೀಚರ್.

ಗಡಿಯಾರದಕ್ಕ ಗುಂಡಿ ಒತ್ತಿದಳು. ಫ್ಯಾನು ಗೊಣಗುತ್ತ ಗೊಣಗುತ್ತ ನಿಂತಿತು.

"ಕಿಟಕಿ?"

"ಮುಚ್ಚಿದೆ."

"ಬಾಗಿಲು?"

"ಅದೂ ಮುಚ್ಚಿದೆ ಟೀಚರ್. ಇನ್ನು ಮುಚ್ಚೋದಕ್ಕೆ ನನ್ನ ಬಾಯೊಂದೇ ಬಾಕಿ."

"ಅದನ್ನೂ ಸ್ವಲ್ಪ ಮುಚ್ಚು. ಉಸಿರು ತಾಗಿದರೂ ನಂಬೋ ಹಾಗಿಲ್ಲ ಇದನ್ನ."

ಮಧ್ಯಾಹ್ನದ ಊಟದ ಹೊತ್ತು. ಅಂಗಡಿಯ ಬಾಗಿಲು ಹಾಕಿಕೊಂಡು ಇಬ್ಬರು ಹೆಂಗಸರು ಕತ್ತು ಮೇಲೆತ್ತಿ ನಿಂತಿದ್ದರು. ತಲೆಯ ಮೇಲೆ ಹಳೆಯ ಮರದ ತೊಲೆಯೊಂದು ಅಂಗಡಿಯ ಉದ್ದಕ್ಕೂ ಹಾದು, ಪಕ್ಕದ ಗೋಡೆಯೊಳಗೆ ನುಗ್ಗಿ, ಬೀಗ ಹಾಕಿದ ಆಚೆಯ ಭಾಗಕ್ಕೆ ಹೋಗಿತ್ತು. ಒಂದು ಕಾಲಕ್ಕೆ ಎರಡೂ ಸೇರಿ ಒಂದೇ ಮನೆ. ತೊಲೆಗೆ ಹೊಡೆದ ಮೊಳೆಗಳಲ್ಲಿ, ರಿಪೇರಿಗೆಂದು ಬಂದು ಯಾರೂ ಕೇಳದೆ ಉಳಿದ ಗಡಿಯಾರಗಳ ಲೋಲಕಗಳು ನೇತಾಡುತ್ತಿದ್ದವು. ಮೊಳದುದ್ದದವು, ಚೋಟುದ್ದದವು, ತುಕ್ಕು ಹಿಡಿದವು. ಪರೀಕ್ಷೆಯ ಕೋಣೆಯಲ್ಲಿ ಕೂತ ಮಕ್ಕಳ ಹಾಗೆ ಎಲ್ಲವೂ ಸ್ತಬ್ಧ.

ಒಂದು ಬಿಟ್ಟು. ಗೇಣುದ್ದದ ಆ ಲೋಲಕ ಮಾತ್ರ ಅತ್ತ ಇತ್ತ ಅಲುಗುತ್ತಿತ್ತು. ಕಣ್ಣು ಕಿರಿದು ಮಾಡಿ, ಅದರ ಹಿತ್ತಾಳೆಯ ಗುಂಡನ್ನು ಹಿಂದಿನ ಗೋಡೆಯ ಬಿರುಕಿಗೆ ಹೋಲಿಸಿ ನೋಡಿದರೆ ಮಾತ್ರ ಗೊತ್ತಾಗುವಷ್ಟು.

"ಯಾವಾಗಿಂದ ಹೀಗೆ?"

"ಎರಡು ತಿಂಗಳಿಂದ ಇರಬೇಕು. ಅದಕ್ಕೂ ಮೊದಲು ಸುಮ್ಮನಿರ್ತಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳಲಿ? ಲೋಲಕ ತಾನಾಗಿ ಅಲುಗ್ತಿದೆ, ನಮ್ಮೋರು ಬರೋ ಸೂಚನೆ ಅಂತಲಾ? ನೀವು ನಕ್ಕುಬಿಡ್ತಿದ್ರಿ."

"ನಗ್ತಿದ್ದೆ," ಎಂದು ಟೀಚರ್ ಒಪ್ಪಿಕೊಂಡರು. "ನಕ್ಕು, ಆಮೇಲೆ ಸ್ಟೂಲು ಕೇಳ್ತಿದ್ದೆ. ಎಲ್ಲಿ ಸ್ಟೂಲು?"

ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೆ ಕಾಣೆಯಾದವರನ್ನು ಹುಡುಕುವ ಕೆಲಸ ಹಿಡಿದವರು ಅವರು. ಮಕ್ಕಳು ಕಾಪಿ ಹೊಡೆದದ್ದನ್ನು ಹಿಡಿದವಳಿಗೆ ದೊಡ್ಡವರ ಸುಳ್ಳು ಯಾವ ಲೆಕ್ಕ ಎನ್ನುತ್ತಿದ್ದರು. ಈ ಸಲ ಅವರು ಹುಡುಕುತ್ತಿದ್ದದ್ದು ಗಡಿಯಾರದಕ್ಕನ ಗಂಡನನ್ನು.

ಏಳು ವರ್ಷಗಳ ಹಿಂದೆ ಒಂದು ಬೆಳಗ್ಗೆ ಅವನು ಅಂಗಡಿ ತೆರೆದು, ಅಷ್ಟೂ ಗಡಿಯಾರಗಳಿಗೆ ಕೀ ಕೊಟ್ಟು, ಹೊರಗೆ ಹೋದವನು ತಿರುಗಿ ಬಂದಿರಲಿಲ್ಲ. ಬರುತ್ತಿದ್ದದ್ದು ಗುರುವಾರ ಮಧ್ಯಾಹ್ನದ ಒಂದು ಫೋನು. ಅದರಲ್ಲಿ ಮಾತಿಲ್ಲ, ಕೆಮ್ಮಿಲ್ಲ, ಗಡಿಯಾರದ ಸದ್ದು ಮಾತ್ರ. ಬರುವ ಸೋಮವಾರ ಕೋರ್ಟು ಅವನನ್ನು ಸತ್ತವನೆಂದು ಬರೆದುಕೊಳ್ಳಲಿತ್ತು. ಅರ್ಜಿ ಹಾಕಿದವನು ಮೈದುನ. ಗಂಡ ಬದುಕಿದ್ದಾನೆ ಎನ್ನಲು ಅವಳ ಕೈಯಲ್ಲಿದ್ದದ್ದು ಆ ಸದ್ದು ಒಂದೇ.

ಇವತ್ತು ಗುರುವಾರ.

ಟೀಚರ್ ಸ್ಟೂಲು ಹತ್ತಿದರು. ಗೇಣುದ್ದದ ಲೋಲಕವನ್ನು ಎರಡು ಬೆರಳಿನಲ್ಲಿ ಹಿಡಿದು ನಿಲ್ಲಿಸಿ, ಗುಂಡಿನ ಕೆಳಗಿನ ತಿರುಪನ್ನು ಬಿಚ್ಚುತ್ತ ಗುಂಡನ್ನು ಬೆರಳಗಲ ಕೆಳಗಿಳಿಸಿದರು. ಕೈ ಬಿಟ್ಟರು. ಕಾದರು.

ಅದು ಅಲುಗಲಿಲ್ಲ.

ಮತ್ತೆ ತಿರುಪು ಬಿಗಿದು ಗುಂಡನ್ನು ಮೊದಲಿನ ಜಾಗಕ್ಕೆ ಏರಿಸಿದರು. ಕೈ ಬಿಟ್ಟರು. ಮೊದಲು ಏನೂ ಇಲ್ಲ. ಆಮೇಲೆ, ನಿದ್ದೆಯಿಂದ ಎದ್ದವರು ಕಾಲು ಚಾಚುವ ಹಾಗೆ, ಅದು ನಿಧಾನವಾಗಿ ಅತ್ತ ಸರಿಯಿತು, ಇತ್ತ ಸರಿಯಿತು.

"ಗಾಳಿಯಾಗಿದ್ರೆ ಉದ್ದ ಗಿಡ್ಡ ನೋಡ್ತಿರಲಿಲ್ಲ," ಎಂದರು ಟೀಚರ್. "ಉಯ್ಯಾಲೆ ತೂಗಿದ್ದೀಯಲ್ಲ ನೀನು? ಸರಿಯಾದ ಹೊತ್ತಿಗೆ ತಳ್ಳಿದರೆ ಬೆರಳು ಸಾಕು. ಹೊತ್ತಲ್ಲದ ಹೊತ್ತಿಗೆ ತಳ್ಳಿದರೆ ಆನೆ ಬಂದರೂ ತೂಗೋದಿಲ್ಲ. ಲೋಲಕದ ಹೊತ್ತು ಅದರ ಉದ್ದದಲ್ಲಿದೆ. ಇದೇ ಉದ್ದದ ಇನ್ನೊಂದು ಲೋಲಕ ಈ ತೊಲೆಯನ್ನ ಎಲ್ಲಿಂದಲೋ ತಳ್ತಾ ಇದೆ. ಎಷ್ಟು ಸಣ್ಣದಾಗಿ ಅಂದ್ರೆ, ಕೇಳಿಸಿಕೊಳ್ಳೋದು ಇದೊಂದಕ್ಕೇ."

"ನನ್ನ ಗೋಡೆ ತುಂಬ ಗಡಿಯಾರಗಳೇ ಅಲ್ವಾ ಟೀಚರ್?"

"ಅವು ಕಲ್ಲಿನ ಗೋಡೆ ಮೇಲಿವೆ. ಕಲ್ಲು ಯಾರ ಮಾತನ್ನೂ ಯಾರಿಗೂ ದಾಟಿಸೋದಿಲ್ಲ. ಮರ ಹಾಗಲ್ಲ, ಚಾಡಿಕೋರ." ಅವರು ಸ್ಟೂಲಿನಿಂದಿಳಿದು ಸೀರೆಯ ನೆರಿಗೆ ಸರಿಮಾಡಿಕೊಂಡರು. "ಈ ತೊಲೆಯ ಮೇಲೆ ಏನಿದೆ?"

"ನಮ್ಮತ್ತೆಯ ಕೋಣೆ."

ಹೇಳಿದ ಮೇಲೆ ಅವಳಿಗೆ ತನ್ನ ಮಾತು ತಾನೇ ಕೇಳಿಸಿತು.

"ಹಳೆಯ ಟೇಪು ಹಾಕು," ಎಂದರು ಟೀಚರ್ ಮೆತ್ತಗೆ.

ಅದನ್ನು ಹಾಕಲು ಅವಳಿಗೆ ಇಷ್ಟವಿರಲಿಲ್ಲ. ಫೋನಿನ ಸದ್ದನ್ನು ಟೇಪಿಗೆ ಹಿಡಿದಿಟ್ಟುಕೊಂಡದ್ದು ಪತ್ತೆಗೆಂದಲ್ಲ, ಕೇಳುವುದಕ್ಕೆಂದು. ಒಂಟಿ ತಟ್ಟೆ ತೊಳೆದಿಟ್ಟು, ಟೇಪು ಹಾಕಿ, ತಲೆ ಬಾಚಿಕೊಳ್ಳುತ್ತ ಕೇಳುತ್ತಿದ್ದಳು. ಬೇರೆಯವರೆದುರು ಕೇಳುವುದೆಂದರೆ ಹಾಸಿಗೆಯ ಹೊದಿಕೆ ಸರಿಸಿ ತೋರಿಸಿದ ಹಾಗೆ.

ಟಿಕ್, ಟಿಕ್, ಟಿಕ್. ಪ್ರತಿ ಟಿಕ್ಕಿನಲ್ಲೂ ಎರಡು ದನಿ, ಒಂದು ಕಂಚಿನದು, ಇನ್ನೊಂದು ಮರದ್ದು. ಎರಡೂ ಒಂದೇ ಸಲ ಬೀಳುತ್ತಿದ್ದವು.

"ಜೋಡಿ ಗಡಿಯಾರ," ಎಂದಳು. "ಮದುವೆಯಾದ ವರ್ಷ ಅವರೇ ಮಾಡಿದ್ದು. ಒಂದೇ ಹಲಗೆಗೆ ಎರಡನ್ನೂ ತೂಗುಹಾಕಿದ್ರು. ನೀವು ಹೇಗೆ ಬೇಕಾದ್ರೂ ಶುರುಮಾಡಿ, ಒಂದು ಗಳಿಗೆಯಲ್ಲಿ ಎರಡೂ ಹೊಂದಿಕೊಳ್ತಿದ್ವು. ಒಂದು ಎಡಕ್ಕೆ ಹೋದ್ರೆ ಇನ್ನೊಂದು ಬಲಕ್ಕೆ. ಆದ್ರೆ ಹೆಜ್ಜೆ ಮಾತ್ರ ಒಟ್ಟಿಗೇ. 'ನಮ್ಮಿಬ್ಬರ ಹಾಗೇ, ಮುಖ ಆ ಕಡೆ ಈ ಕಡೆ, ನಡಿಗೆ ಒಂದೇ' ಅಂತ ಅವರು ಚೇಷ್ಟೆ ಮಾಡ್ತಿದ್ರು." ನಗಲು ಹೋಗಿ ಬಿಟ್ಟಳು. "ಅವರು ಹೋದ ದಿನ ಒಳಗಿನ ಗೋಡೆಯ ಮೇಲೆ ಹಲಗೆಯೂ ಇರಲಿಲ್ಲ. ನಮ್ಮಿಬ್ಬರನ್ನೂ ಹೊತ್ಕೊಂಡು ಹೋಗಿದ್ದಾರೆ ಅಂದ್ಕೊಂಡೆ. ಅದಕ್ಕೇ ಟೀಚರ್, ಫೋನಿನಲ್ಲಿ ಈ ಸದ್ದು ಬಂದಾಗ…"

"ಗೊತ್ತಾಯ್ತು. ಈಗ ಹೊಸ ಟೇಪು, ಈ ಎರಡು ತಿಂಗಳದ್ದು."

ಹೊಸದರಲ್ಲಿ ಕಂಚಿನ ದನಿ ಇರಲಿಲ್ಲ. ಮರದ್ದೊಂದೇ. ಅದೂ ಕುಂಟುತ್ತಿತ್ತು. ಟಿಕ್‌ಟಿಕ್… ಟಿಕ್‌ಟಿಕ್… ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಗಡಿಯಾರ ಓರೆಯಾಗಿ ನಿಂತಾಗ ಹಾಗಾಗುತ್ತದೆ. ಅವಳ ಬೆರಳುಗಳು ತಾವಾಗಿ ಗಾಳಿಯಲ್ಲಿ ಏನನ್ನೋ ಎತ್ತಿ ಸರಿಮಾಡಲು ಹೋದವು. ಕುಂಟು ಸದ್ದನ್ನು ಅವಳಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಹೊಸದಾಗಿ ಮದುವೆಯಾದಾಗ ಅವಳು ಮುನಿಸಿಕೊಂಡು ಒಳಕೋಣೆ ಸೇರಿದರೆ, ಗಂಡ ಕರೆಯಲು ಬರುತ್ತಿರಲಿಲ್ಲ, ಬಾಗಿಲು ತಟ್ಟುತ್ತಿರಲಿಲ್ಲ. ಅಡುಗೆಮನೆಯ ಗಡಿಯಾರವನ್ನು ಒಂದಿಷ್ಟು ಓರೆ ಮಾಡಿ ಸುಮ್ಮನಾಗುತ್ತಿದ್ದ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವರದ್ದು ಗಡಿಯಾರ ಕುಂಟುವ ತನಕ.

ಅದೆಲ್ಲ ಟೀಚರ್‌ಗೆ ಹೇಳುವಂಥದ್ದಲ್ಲ.

"ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ," ಟೀಚರ್ ಯೋಚಿಸುತ್ತ ಹೇಳಿದರು, "ಆಗ ಗಾಡಿ ಏನಾಗುತ್ತೆ?"

"ಇದ್ದಲ್ಲೇ ಇರುತ್ತೆ."

"ಜೋಡಿ ಗಡಿಯಾರ ಈ ತೊಲೆಗೆ ಮಾಡ್ತಿದ್ದದ್ದು ಅದನ್ನೇ. ಒಂದು ಈ ಕಡೆ ತಳ್ಳಿದಾಗ ಇನ್ನೊಂದು ಆ ಕಡೆ. ತೊಲೆಗೆ ಗೊತ್ತೇ ಆಗ್ತಿರಲಿಲ್ಲ. ನಿನ್ನ ಲೋಲಕ ತಣ್ಣಗಿತ್ತು. ಎರಡು ತಿಂಗಳ ಹಿಂದೆ ಜೋಡಿಯಲ್ಲಿ ಒಂದು ಹೋಯ್ತು. ಉಳಿದದ್ದು ಒಂಟಿಯಾಗಿ ತಳ್ತಾ ಇದೆ, ಎದುರು ತಳ್ಳೋರು ಯಾರೂ ಇಲ್ಲ. ಅದಕ್ಕೇ ತೊಲೆ ಅಲುಗ್ತಿದೆ."

ಗಡಿಯಾರದಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಳು. ಎರಡು ತಿಂಗಳಿಂದ ಬೆಳಗ್ಗೆದ್ದು ಮೊದಲು ನೋಡುತ್ತಿದ್ದದ್ದು ಆ ಲೋಲಕವನ್ನೇ. ಇನ್ನೂ ಅಲುಗುತ್ತಿದೆ, ಅಂದರೆ ಇನ್ನೂ ಬರುತ್ತಿದ್ದಾರೆ, ಎಂದುಕೊಂಡೇ ಹಲ್ಲುಜ್ಜಲು ಹೋಗುತ್ತಿದ್ದಳು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಯಾವ ದೂರದ ಊರಿನ ಯಾವ ಕೋಣೆಯಿಂದಲೋ ಎಂದು ಏಳು ವರ್ಷ ಕಿವಿಗೊಟ್ಟ ಸದ್ದು ತನ್ನ ನೆತ್ತಿಯ ಮೇಲಿನದು.

"ಫೋನು ಮಾಡ್ತಿದ್ದದ್ದು ಅವರಲ್ಲ ಅಂತೀರಾ?"

"ಮೇಲೆ ಹೋಗಿ ಕೇಳೋಣ."

"ನಾನು ಆ ಮೆಟ್ಟಿಲು ಹತ್ತಿ ಏಳು ವರ್ಷ ಆಯ್ತು ಟೀಚರ್."

"ಮೆಟ್ಟಿಲಿಗೆ ಅದೆಲ್ಲ ನೆನಪಿರೋದಿಲ್ಲಮ್ಮ. ಏಳು."

ಹೊರಗಿನ ಮೆಟ್ಟಿಲು. ಕಬ್ಬಿಣದ ಕಂಬಿ ಬಿಸಿಲಿಗೆ ಕಾದಿತ್ತು. 'ನನ್ನ ಮಗನನ್ನ ಓಡಿಸಿದವಳು ನೀನು' ಎಂದು ಅತ್ತೆ ಮೇಲಿನಿಂದ ಕೂಗಿದ್ದು, 'ಕಟ್ಟಿಹಾಕಿ ಸಾಕಿದ್ದರೆ ಓಡದೆ ಏನು ಮಾಡ್ತಾರೆ' ಎಂದು ಇವಳು ಕೆಳಗಿನಿಂದ ಕೂಗಿದ್ದು ಇದೇ ಮೆಟ್ಟಿಲಿನಲ್ಲಿ. ಆಮೇಲೆ ಮಾತಿಲ್ಲ. ಮೇಲೆ ಅವರು, ಕಿರಿಮಗ. ಕೆಳಗೆ ಇವಳು, ಗಡಿಯಾರಗಳು. ಪಾತ್ರೆ ಬಿದ್ದ ಸದ್ದಿನಿಂದ ಒಬ್ಬರಿಗೊಬ್ಬರ ಕ್ಷೇಮ ತಿಳಿಯುತ್ತಿತ್ತು.

ಅತ್ತೆ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದರು. ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ. ಇಷ್ಟು ಸಣ್ಣಗಾಗಿದ್ದಾರೆಂದು ಗಡಿಯಾರದಕ್ಕ ನೆನೆಸಿರಲಿಲ್ಲ. ಅವಳೊಂದಿಗೆ ಜಗಳವಾಡಿದ ಹೆಂಗಸು ಇವರ ಎರಡರಷ್ಟಿದ್ದಳು.

"ಯಾರು?"

"ನಾನು ಅತ್ತೆ."

ಅತ್ತೆಯ ಕೈ ಸೆರಗಿನತ್ತ ಹೋಯಿತು.

ಗಡಿಯಾರದಕ್ಕ ನೋಡುತ್ತಿದ್ದದ್ದು ಅವರ ಹಿಂದಿನ ಗೋಡೆಯನ್ನು. ನೆಲದಿಂದ ಎದ್ದ ಮರದ ಕಂಬಕ್ಕೆ ಆ ಹಲಗೆಯನ್ನು ಹೊಡೆದಿತ್ತು. ಹಲಗೆಯ ಎಡಬದಿಯಲ್ಲಿ ಕಂಚಿನ ದನಿಯ ಗಡಿಯಾರ, ಅವಳ ಮದುವೆಯ ವರ್ಷದ ಗಡಿಯಾರ, ಟಿಕ್ ಟಿಕ್ ಎಂದು ನಡೆಯುತ್ತಿತ್ತು. ಬಲಬದಿಯಲ್ಲಿ ಬಿಸಿಲು ಕಾಣದ ಮರದ ತಿಳಿಯಾದ ಗುರುತು, ಒಂದು ಖಾಲಿ ಮೊಳೆ. ಅದರ ಕೆಳಗೆ ಸಣ್ಣ ಮೇಜಿನ ಮೇಲೆ ಫೋನು.

ಏನು ಕೇಳಬೇಕೆಂದು ಬಂದಿದ್ದಳೋ ಅದನ್ನು ಕೇಳುವ ಅಗತ್ಯವೇ ಉಳಿಯಲಿಲ್ಲ. ಆದರೂ ಕೇಳಿದಳು.

"ನೀವೇನಾ ಅತ್ತೆ?"

"ನಾನೇ ಕಣೇ."

ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಬೈಗುಳಕ್ಕಿಂತ ಜೋರಾಗಿ ತಾಗಿತು. ಕಿರುಚಾಡಬೇಕು ಅನ್ನಿಸಿತು ಅವಳಿಗೆ. ಬಂದದ್ದು ಬರೀ ಗಾಳಿಯಂಥ ದನಿ. "ನಾನು ಆ ಫೋನಿಗೆ ಏನೇನು ಹೇಳಿದ್ದೀನಿ ಗೊತ್ತಾ ನಿಮಗೆ? ಅತ್ತಿದ್ದೀನಿ. ಬೇಡಿಕೊಂಡಿದ್ದೀನಿ. ಗಂಡನ ಹತ್ರ ಮಾತ್ರ ಹೇಳೋ ಮಾತು ಹೇಳಿದ್ದೀನಿ!"

"ಕೇಳಿಸ್ಕೊಂಡಿಲ್ಲ. ರಿಸೀವರು ಗಡಿಯಾರದ ಮುಂದೆ ಹಿಡೀತಿದ್ದೆ, ನನ್ನ ಕಿವಿಗಲ್ಲ." ಅತ್ತೆ ಕನ್ನಡಕದ ಕೆಳಗೆ ಸೆರಗಿನ ತುದಿ ಒತ್ತಿದರು. "ಒಂದೆರಡು ಸಲ ಕೇಳಿಸ್ಕೊಂಡೆ. ನೀನು ಚೆನ್ನಾಗಿ ಬೈತೀಯ."

"ಯಾಕೆ ಮಾಡಿದ್ರಿ?"

"ಅವನು ಹೋಗೋ ದಿನ ಬೆಳಗ್ಗೆ ಹಲಗೆ ತಂದು ಇಲ್ಲಿ ಹೊಡೆದ. 'ಅಮ್ಮಾ, ಇವೆರಡೂ ನಿಲ್ಲದ ಹಾಗೆ ನೋಡ್ಕೋ' ಅಂದ. ಅಷ್ಟೇ. ನಾನು ಕೀ ಕೊಟ್ಕೊಂಡು ಬಂದೆ. ಕೆಳಗೆ ನೀನು ಮೊದಮೊದಲು ಬಾಗಿಲಲ್ಲೇ ನಿಂತಿರ್ತಿದ್ದೆ. ಆಮೇಲೆ ಬಾಗಿಲಿಗೆ ಬರೋದು ಬಿಟ್ಟೆ. ಒಂದು ದಿನ ಅವನ ಚಪ್ಪಲಿ ಒಳಗೆ ತೆಗೆದಿಟ್ಟೆ. ನಾನು ಮೇಲಿಂದ ನೋಡಿದೆ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನೀನು ಕಾಯೋದು ನಿಲ್ಲಿಸಿದ್ರೆ ಕಾಯೋಳು ನಾನೊಬ್ಬಳೇ ಆಗ್ತಿದ್ದೆ ಕಣೇ. ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ ಅದು."

ಗಡಿಯಾರವೊಂದೇ ನಡೆಯುತ್ತಿತ್ತು.

ತೂಗುವ ಲೋಲಕ ತಾನಾಗಿ ಬಿಟ್ಟರೆ ನಿಂತುಹೋಗುತ್ತದೆ. ಅದಕ್ಕೇ ಗಡಿಯಾರದೊಳಗಿನ ಹಲ್ಲಿನ ಚಕ್ರ ಪ್ರತಿ ತೂಗಿಗೂ ಒಂದು ಸಣ್ಣ ತಳ್ಳು ಕೊಡುತ್ತಿರುತ್ತದೆ. ನೋಡುವವರಿಗೆ ಕಾಣದಷ್ಟು ಸಣ್ಣದು. ಗಂಡ ಅವಳಿಗೆ ಕೆಲಸ ಕಲಿಸಿದಾಗ ಮೊದಲು ತೋರಿಸಿದ್ದು ಅದನ್ನೇ. ಏಳು ವರ್ಷ ಅವಳನ್ನು ನಿಲ್ಲಗೊಡದೆ ತೂಗಿಸಿದ ತಳ್ಳು ಈ ಮುದಿ ಕೈಯದೆಂದು ತಿಳಿದಾಗ, ಅದನ್ನು ಕತ್ತರಿಸಬೇಕೋ ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ ಅವಳಿಗೆ. ತಿಳಿದದ್ದು ಇಷ್ಟೇ: ಸೋಮವಾರ ಕೋರ್ಟಿನಲ್ಲಿ ಹೇಳಲು ಇನ್ನು ಅವಳ ಹತ್ತಿರ ಏನೂ ಇಲ್ಲ. ಅವನು ಸತ್ತಿರಬಹುದು. ಮೊದಲ ವರ್ಷವೇ ಸತ್ತಿರಬಹುದು. ಅವಳು ತಲೆ ಬಾಚಿಕೊಂಡದ್ದು ಅತ್ತೆಗಾಗಿ.

ಟೀಚರ್ ಹಲಗೆಯ ಹತ್ತಿರ ಹೋಗಿ ಖಾಲಿ ಮೊಳೆಯನ್ನು ಮುಟ್ಟಿ ನೋಡುತ್ತಿದ್ದರು.

"ಅಮ್ಮಾ, ಇನ್ನೊಂದು ಗಡಿಯಾರ ಎಲ್ಲಿ?"

"ಎರಡು ತಿಂಗಳ ಹಿಂದೆ ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿದ್ದೆ. ಬಂದು ತಡವಿದರೆ ಇಲ್ಲ. ಬೀಗ ಒಡೆದಿರಲಿಲ್ಲ. ಚಿಕ್ಕವನನ್ನ ಕೇಳಿದ್ರೆ, ನನಗೆ ಗೊತ್ತಿಲ್ಲ, ಅತ್ತಿಗೆಗೆ ಕೊಟ್ಟಿರ್ಬೇಕು ನೀನು ಅಂದ."

"ಈ ಬಾಗಿಲಿನ ಕೀಲಿಕೈ ಯಾರ ಯಾರ ಹತ್ರ ಇದೆ?"

"ನನ್ನ ಹತ್ರ. ಚಿಕ್ಕವನ ಹತ್ರ." ಅತ್ತೆ ತಡೆದರು. "ದೊಡ್ಡವನ ಜೇಬಲ್ಲೂ ಒಂದಿತ್ತು, ಹೋಗುವಾಗ."

"ಆಮೇಲೆ ಫೋನು ಯಾಕೆ ನಿಲ್ಲಿಸಲಿಲ್ಲ ನೀವು? ಒಂಟಿ ಗಡಿಯಾರ ಕೇಳಿಸಿದ್ರೆ ಇವಳಿಗೆ ಗೊತ್ತಾಗುತ್ತೆ ಅಂತ ಹೊಳೀಲಿಲ್ವಾ?"

"ನಿಲ್ಲಿಸಿದೆನಲ್ಲ!" ಎಂದರು ಅತ್ತೆ. "ಜೋಡಿ ಒಡೆದ ಮೇಲೆ ನಾನು ಫೋನು ಮುಟ್ಟಿಲ್ಲ. ಒಂದೇ ಸದ್ದು ಕೇಳಿದ್ರೆ ಎದೆ ಒಡ್ಕೋತಾಳೆ ಅಂತ. ಆಸ್ಪತ್ರೆಯಿಂದ ಬಂದವಳು ಒಂದು ಸಲಾನೂ ಮಾಡಿಲ್ಲ."

ಗಡಿಯಾರದಕ್ಕ ತಿರುಗಿ ಹಲಗೆಯನ್ನು ನೋಡಿದಳು. ಹಲಗೆಯ ಮೇಲಿನ ಗಡಿಯಾರ ಕುಂಟುತ್ತಿರಲಿಲ್ಲ. ನೆಟ್ಟಗೆ ನಡೆಯುತ್ತಿತ್ತು. ಅದರ ದನಿ ಕಂಚಿನದು. ಹೊಸ ಟೇಪಿನದು ಮರದ ದನಿ.

ಅವಳಿಗೆ ಅರ್ಥವಾದದ್ದೂ ಕೆಳಗೆ ಅಂಗಡಿಯ ಫೋನು ಹೊಡೆದುಕೊಂಡದ್ದೂ ಒಟ್ಟಿಗೇ.

ಅತ್ತೆ ಎರಡೂ ಕೈಗಳನ್ನು ಮಡಿಲಿನಿಂದ ಮೇಲೆತ್ತಿ ತೋರಿಸಿದರು, ಕದ್ದಿಲ್ಲ ಎನ್ನುವ ಮಗುವಿನ ಹಾಗೆ. "ನಾನಲ್ಲ. ಓಡು. ಓಡೇ!"

ಮೆಟ್ಟಿಲುಗಳನ್ನು ಹೇಗಿಳಿದಳೋ ಅವಳಿಗೇ ಗೊತ್ತಿಲ್ಲ. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಏದುಸಿರು ಬಿಡುತ್ತ ಟೀಚರ್ ಬಂದು ತಮ್ಮ ತಲೆಯನ್ನು ಅವಳ ತಲೆಗೆ ಆನಿಸಿ ನಿಂತರು.

ಟಿಕ್‌ಟಿಕ್… ಟಿಕ್‌ಟಿಕ್…

ಈ ಫೋನಿಗೆ ಅವಳು ಎಷ್ಟೊಂದು ಮಾತು ಹೇಳಿದ್ದಳು. ಈಗ ಒಂದೂ ಬರಲಿಲ್ಲ. ಬಂದದ್ದು ಕಸುಬಿನ ಮಾತು.

"ಗಡಿಯಾರ ಕುಂಟುತ್ತಿದೆ," ಎಂದಳು. "ಎಡಗಡೆ ಒಂದು ಸ್ವಲ್ಪ ಎತ್ತಿ."

ಆಚೆಯಿಂದ ಏನೂ ಇಲ್ಲ. ಟಿಕ್‌ಟಿಕ್… ಟಿಕ್‌ಟಿಕ್…

ಆಮೇಲೆ ಮರ ಗೋಡೆಗೆ ಉಜ್ಜಿದ ಸದ್ದು. ಅತಿಯಾಗಿ ಎತ್ತಿದ್ದರು, ಕುಂಟು ಇನ್ನೊಂದು ಕಾಲಿಗೆ ಬಂತು. ಮತ್ತೆ ಒಂದಿಷ್ಟು ಉಜ್ಜಿದ ಸದ್ದು, ಕೂದಲೆಳೆಯಷ್ಟು.

ಟಿಕ್. ಟಿಕ್. ಟಿಕ್. ಟಿಕ್.

ನೆಟ್ಟಗೆ.

ಗಡಿಯಾರದಕ್ಕನ ಕಣ್ಣಿನಿಂದ ನೀರು ರಿಸೀವರಿನ ಮೇಲೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಒರೆಸಿದರೆ ಒಂದು ಟಿಕ್ಕಾದರೂ ತಪ್ಪಿಹೋದೀತು.

ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಬಂದಿದ್ದರು, ಏಳು ವರ್ಷಗಳಲ್ಲಿ ಮೊದಲ ಸಲ. ಅವರ ತೋಳು ಹಿಡಿದುಕೊಂಡಿದ್ದವನು ಮೈದುನ, ಊಟಕ್ಕೆಂದು ಬಂದವನು. ಇನ್ನೊಂದು ಕೈಯಲ್ಲಿ ಕೀಲಿಕೈ ಗೊಂಚಲು.

"ಏನಾಯ್ತು ಅತ್ತಿಗೆ? ಅಮ್ಮ ಯಾಕೆ ಕೆಳಗಿಳಿದ್ರು?"

ಟೀಚರ್ ಬೆರಳು ತುಟಿಗಿಟ್ಟು, ಪಿಸುಗುಟ್ಟುತ್ತ ಹೇಳಿದರು. ಗಡಿಯಾರ ಕುಂಟುತ್ತಿತ್ತು, ಇವಳು ಹೇಳಿದಳು, ಆಚೆ ಯಾರೋ ಸರಿಮಾಡಿದರು.

"ಅವನಲ್ಲ," ಎಂದರು ಅತ್ತೆ ತಕ್ಷಣ.

"ಯಾಕಮ್ಮಾ?"

"ನನ್ನ ಮಗನಿಗೆ ಹೇಳಬೇಕಾ? ಪರರ ಮನೆಗೆ ಹೋದ್ರೂ ಕುಂಟು ಗಡಿಯಾರ ಸರಿಮಾಡಿಯೇ ಕೂರ್ತಿದ್ದ ಅವನು. ಎರಡು ತಿಂಗಳು ಅದನ್ನ ಕುಂಟೋದಕ್ಕೆ ಬಿಟ್ಟಿದ್ದಾರೆ ಅಂದ್ರೆ ಅಲ್ಲಿರೋನು ನನ್ನ ಮಗ ಅಲ್ಲ."

ಟೀಚರ್ ಮೆಲ್ಲಗೆ ತಲೆಯಾಡಿಸಿದರು. ಲೆಕ್ಕ ಸರಿಯಾಗಿತ್ತು.

ಲೆಕ್ಕ ಸರಿಯಾಗಿಲ್ಲವೆಂದು ಗೊತ್ತಿದ್ದವಳು ಆ ಅಂಗಡಿಯಲ್ಲಿ ಒಬ್ಬಳೇ. ಕುಂಟುವುದಕ್ಕೆ ಬಿಟ್ಟದ್ದಲ್ಲ ಅದು. ಓರೆ ಮಾಡಿ ಇಟ್ಟದ್ದು. ಮುನಿಸಿಕೊಂಡವಳು ಎದ್ದು ಬರಲಿ ಎಂದು. ಎರಡು ತಿಂಗಳಿಂದ ಅವನು ಕರೆಯುತ್ತಲೇ ಇದ್ದ. ಅವಳು ಟೇಪು ಹಾಕಿಕೊಂಡು, ಯಾರು ಇಷ್ಟು ಕೆಟ್ಟದಾಗಿ ಗಡಿಯಾರ ತೂಗುಹಾಕಿದ್ದಾರೆ ಎಂದು ಬೈದುಕೊಂಡಿದ್ದಳು. ಎದೆಯೊಳಗೆ ಏನೋ ಎದ್ದು ಕೂತಿತು. ಇಷ್ಟು ವಯಸ್ಸಾದ ಮೇಲೆ ಅದಕ್ಕೆ ಏನು ಹೆಸರಿಡಬೇಕೋ ಅವಳಿಗೆ ತಿಳಿಯಲಿಲ್ಲ.

ಫೋನು ಕಟ್ಟಾಯಿತು.

"ಗಡಿಯಾರದಕ್ಕ," ಟೀಚರ್ ಅವಳ ತೋಳು ಹಿಡಿದರು. ಅವರು ಮೇಲೆ ನೋಡುತ್ತಿದ್ದರು. "ನಿನ್ನ ಲೋಲಕ."

ಎಲ್ಲರೂ ಮೇಲೆ ನೋಡಿದರು. ಗೇಣುದ್ದದ ಲೋಲಕದ ತೂಗು ಸಣ್ಣಗಾಗುತ್ತಿತ್ತು. ಗೋಡೆಯ ಬಿರುಕಿನ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು. ಆಮೇಲೆ ಬಿರುಕಿನ ನೇರಕ್ಕೇ ನಿಂತುಬಿಟ್ಟಿತು, ಉಳಿದವುಗಳ ಹಾಗೆ.

"ಮೇಲಿನದು ನಿಂತುಹೋಯ್ತೇನೋ," ಎಂದ ಮೈದುನ.

"ಈಗ ತಾನೇ ಕೇಳಿಸ್ಕೊಂಡು ಬಂದೆ, ನಡೀತಿದೆ," ಎಂದರು ಅತ್ತೆ.

ಟೀಚರ್ ತೊಲೆಯತ್ತ ಬೆರಳು ತೋರಿದರು. "ಅದು ನಡೀತಿದ್ದೂ ಲೋಲಕ ನಿಂತಿದೆ ಅಂದ್ರೆ ಅದಕ್ಕೆ ಎದುರು ತಳ್ಳೋರು ಬಂದಿದ್ದಾರೆ. ಕುಂಟೋತನಕ ಹೊಂದಿಕೆ ಇರಲಿಲ್ಲ, ನೆಟ್ಟಗಾದ ಮೇಲೆ ಹೊಂದಿಕೊಳ್ತು. ಎತ್ತು, ಕೋಣ, ಎರಡೂ ಮತ್ತೆ ಒಂದೇ ನೊಗದಲ್ಲಿವೆ. ಎರಡನೆಯ ಗಡಿಯಾರ ಇವತ್ತು ಇದೇ ತೊಲೆಗೆ ತೂಗ್ತಿದೆ." ಅವರ ಕಣ್ಣು ತೊಲೆಯ ಉದ್ದಕ್ಕೂ ಸರಿದು, ಅದು ಪಕ್ಕದ ಗೋಡೆಯೊಳಗೆ ನುಗ್ಗಿದ ಜಾಗದಲ್ಲಿ ನಿಂತಿತು. "ಗೋಡೆಯ ಆಚೆ ಯಾರಿದ್ದಾರೆ?"

"ಯಾರೂ ಇಲ್ಲ," ಎಂದ ಮೈದುನ. ತುಸು ಬೇಗನೇ ಎಂದ. "ಅಣ್ಣನ ಪಾಲಿನ ಭಾಗ ಅದು. ಕೋರ್ಟಿನ ತೀರ್ಪಾಗೋ ತನಕ ಬೀಗ. ಬರುವಾಗ ನಾನೇ ನೋಡಿ ಬಂದೆ."

"ಅಲ್ಲಿ ಫೋನಿದೆಯಾ?"

ಉತ್ತರ ಅತ್ತೆಯಿಂದ ಬಂತು. "ಇವರಪ್ಪನ ಕಾಲದ್ದು ಒಂದಿದೆ. ಬಿಲ್ಲು ಇವನೇ ಕಟ್ತಾನೆ." ಹೇಳುತ್ತ ಹೇಳುತ್ತ ಅವರು ಕಿರಿಮಗನ ಕೈಯಿಂದ ತಮ್ಮ ತೋಳನ್ನು ಬಿಡಿಸಿಕೊಂಡರು.

"ಅಮ್ಮಾ, ಮಾರುವಾಗ ಲೈನು ಇದ್ರೆ ಒಳ್ಳೇದು ಅಂತ… ಅತ್ತಿಗೆ, ನನ್ನನ್ನ ಯಾಕೆ ಹಾಗೆ ನೋಡ್ತೀರಿ?"

ಗಡಿಯಾರದಕ್ಕ ಅವನನ್ನು ನೋಡುತ್ತಿರಲಿಲ್ಲ. ಅವಳು ಪಕ್ಕದ ಗೋಡೆಯ ಹತ್ತಿರ ಹೋದಳು. ಆ ಗೋಡೆಯ ನಡುವೆ ಅಂಗಡಿಯ ದೊಡ್ಡ ಗಡಿಯಾರ ತೂಗುತ್ತಿತ್ತು, ಎಲ್ಲಕ್ಕಿಂತ ಜೋರಾದ ಸದ್ದಿನದು, ಬೀದಿಗೆಲ್ಲ ಕೇಳಿಸುವಂಥದ್ದು. ಏಳು ವರ್ಷದಲ್ಲಿ ಅದನ್ನು ಒಂದು ಕೂದಲೆಳೆಯಷ್ಟು ಓರೆಯಾಗಲು ಅವಳು ಬಿಟ್ಟಿರಲಿಲ್ಲ.

ಎರಡು ಬೆರಳಿನಿಂದ ಅದರ ತಳವನ್ನು ಹಿಡಿದು ಬಲಕ್ಕೆ ಸರಿಸಿದಳು.

ಟಕ್‌ಟಕ್… ಟಕ್‌ಟಕ್… ದೊಡ್ಡ ಗಡಿಯಾರ ಕುಂಟತೊಡಗಿತು. ಅವಳು ಗೋಡೆಗೆ ಕಿವಿಯಿಟ್ಟು, ಅಂಗೈಯನ್ನೂ ಇಟ್ಟು, ಕಣ್ಣು ಮುಚ್ಚಿ ನಿಂತಳು. ಎಷ್ಟೋ ಸಲ ಅವನು ಕರೆದಿದ್ದ, ಇವಳು ಎದ್ದು ಬಂದಿದ್ದಳು. ಇವಳು ಕರೆದದ್ದು ಇದೇ ಮೊದಲು.

ಟಕ್‌ಟಕ್… ಟಕ್‌ಟಕ್…

ಗೋಡೆಯ ಆಚೆ ಕುರ್ಚಿಯೊಂದು ನೆಲಕ್ಕೆ ಉಜ್ಜಿತು. ಯಾರೋ ಎದ್ದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಎಳೆದೆಳೆದು ಗೋಡೆಯತ್ತ ಬಂದವು. ಅವಳ ಅಂಗೈಯ ಆಚೆಗೇ ಬಂದು ನಿಂತವು.

ಆಗ ಬೇರೆ ಹೆಜ್ಜೆಗಳು, ಹಗುರವಾದವು, ಚುರುಕಾದವು, ಕೋಣೆಯ ಇನ್ನೊಂದು ಮೂಲೆಯಿಂದ ಓಡಿ ಬಂದವು. ಏನೋ ಧೊಪ್ಪನೆ ಬಿತ್ತು. ಆಮೇಲೆ ಸದ್ದಿಲ್ಲ.

ಮೈದುನನ ಕೈಯಿಂದ ಕೀಲಿಕೈ ಗೊಂಚಲು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಾಗಿದ ಟೀಚರ್, ಬಾಗಿದಲ್ಲಿಂದಲೇ ಮೇಲೆ ನೋಡಿ, ಹಾಗೇ ಉಳಿದರು.

ತೊಲೆಯ ಕೆಳಗೆ ಗೇಣುದ್ದದ ಲೋಲಕ, ಎದುರು ತಳ್ಳುವವರಿಲ್ಲದೆ, ಮತ್ತೆ ಅಲುಗತೊಡಗಿತ್ತು.